ಕಾರಿಲ್ಲದ ಊರಲ್ಲಿ ಸಂಸಾರ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1170 ಮೀಟರ್ ಎತ್ತರದಲ್ಲಿದೆ. ಸ್ವಿಟ್ಜರ್ಲೆಂಡಿನ ವೆಂಗೆನ್ ಅನ್ನೋ ಹಳ್ಳಿ 1274 ಮೀಟರ್. ನೂರು ಮೀಟರ್ ಚಿಲ್ಲರೆ ವ್ಯತ್ಯಾಸ, ಅಷ್ಟೇ. ಮುಳ್ಳಯ್ಯನಗಿರಿಯ ತುದಿ ಇದಕ್ಕಿಂತ ಎಷ್ಟೋ ಮೇಲಿದೆ. ಆದರೂ ಮಡಿಕೇರಿಯಲ್ಲಿ ಮಂಜು ಮುಸುಕುವ ಡಿಸೆಂಬರಿನಲ್ಲಿ ವೆಂಗೆನ್‌ನ ಜನ ಸಲಿಕೆ ಹಿಡಿದು ಬಾಗಿಲ ಮುಂದಿನ ಹಿಮ ತೆಗೆಯುತ್ತಿರುತ್ತಾರೆ. ಉತ್ತರಕ್ಕೆ ಅಷ್ಟು ದೂರ ಹೋದರೆ ಎತ್ತರದ ಲೆಕ್ಕವೇ ಬೇರೆಯಾಗಿಬಿಡುತ್ತದೆ.

ನಮ್ಮ ಯಜಮಾನರಿಗೆ ಅಲ್ಲಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಹಾಗಾಗಿ ನಾನೂ ಮಗಳೂ ಆ ಊರಿನವರಾದೆವು. ನಮ್ಮ ದೇಶದವರು ಆ ಕಡೆಗೆ ಬರೋದು ಹೊಸದೇನಲ್ಲ. ಇಂಟರ್‌ಲಾಕೆನ್‌ನಲ್ಲಿ ಯಶ್ ಚೋಪ್ರಾ ಅವರ ಪ್ರತಿಮೆಯೇ ಇದೆ. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ರೈಲಿನಲ್ಲಿ 3454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್‌ಗೆ ಹೋಗಿ, ಸಂಜೆಗೆ ಇಳಿದು ಹೋಗುತ್ತಾರೆ. ಅವರಿಗೆ ಬೆಟ್ಟ ಕಂಡರೆ ಸಾಕು. ಅಲ್ಲೇ ಸಂಸಾರ ಹೂಡಿದವರಿಗೆ ಬೆಟ್ಟ ಬೇಗ ಅಭ್ಯಾಸವಾಗುತ್ತದೆ. ಅಭ್ಯಾಸವಾಗಲು ಕಾಲ ಬೇಕಾದದ್ದು ಊರಿನ ಹೊತ್ತುಗೊತ್ತು. ಯಾವ ಕೆಲಸ ಯಾವಾಗ ಮಾಡಬೇಕು, ಯಾವಾಗ ಮಾಡಲೇಬಾರದು ಅನ್ನೋದು.

ಮೊದಲನೆಯದು ರೈಲು. ವೆಂಗೆನ್‌ಗೆ ಕಾರಿನಲ್ಲಿ ಹೋಗೋ ಹಾಗಿಲ್ಲ. ಕೆಳಗೆ ಕಣಿವೆಯಲ್ಲಿರುವ ಲೌಟರ್‌ಬ್ರುನೆನ್‌ನಲ್ಲೇ ಕಾರು ಬಿಡಬೇಕು. ಅಲ್ಲಿಂದ ಹಲ್ಲಿನ ಹಳಿ ಹಿಡಿದು ಹತ್ತುವ ರೈಲು, ನಮ್ಮ ಊಟಿ ರೈಲಿನಂಥದ್ದೇ. 1893ರಿಂದ ಓಡುತ್ತಿದೆ. ಅಕ್ಕಿ, ಹಾಲು, ಹಾಸಿಗೆ, ಸಿಮೆಂಟು, ಎಲ್ಲ ಆ ರೈಲಿನಲ್ಲೇ ಮೇಲೆ ಬರಬೇಕು. ಊರೊಳಗೆ ಸಾಮಾನು ಹೊರೋದಕ್ಕೆ ಬ್ಯಾಟರಿ ಗಾಡಿಗಳಿವೆ. ಚಳಿಗಾಲದಲ್ಲಿ ಹೆಂಗಸರು ಗಂಡಸರು ಎನ್ನದೆ ಎಲ್ಲರೂ ಒಂದು ಮರದ ಜಾರುಗಾಡಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಾರೆ. ಅದರ ಮೇಲೆ ತರಕಾರಿ ಚೀಲ, ಚೀಲದ ಮೇಲೆ ಮಗು. ಕೊನೆಯ ರೈಲು ಎಷ್ಟು ಹೊತ್ತಿಗೆ ಅನ್ನೋದು ಅಲ್ಲಿನ ಮಕ್ಕಳಿಗೂ ಬಾಯಿಪಾಠ. ಅದು ತಪ್ಪಿದರೆ ರಾತ್ರಿ ಕೆಳಗೇ ಕಳೆಯಬೇಕು. ದೊಡ್ಡ ಆಸ್ಪತ್ರೆ ಇರೋದು ಇಂಟರ್‌ಲಾಕೆನ್‌ನಲ್ಲಿ. ತೀರಾ ತುರ್ತು ಅಂದರೆ ಹೆಲಿಕಾಪ್ಟರೇ ಬರುತ್ತದೆ.

ಇನ್ನು ಬಟ್ಟೆ ಒಗೆಯುವ ಹೊತ್ತು. ಸ್ವಿಟ್ಜರ್ಲೆಂಡಿನ ಬಹಳಷ್ಟು ಬಾಡಿಗೆ ಮನೆಗಳಲ್ಲಿ ಒಳಗೆ ವಾಷಿಂಗ್ ಮಷೀನ್ ಇರೋದಿಲ್ಲ. ನೆಲಮಾಳಿಗೆಯಲ್ಲಿ ಇಡೀ ಕಟ್ಟಡಕ್ಕೆ ಒಂದು ಕೋಣೆ, ಗೋಡೆ ಮೇಲೆ ಒಂದು ಕ್ಯಾಲೆಂಡರು, ಅದರಲ್ಲಿ ಮನೆಮನೆಯ ಸರದಿ. ನಮ್ಮದು ಮಂಗಳವಾರ. ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮೊದಲ ಸಲ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದ್ದು ಅವರೇ. ಒಗೆದಾದ ಮೇಲೆ ಬಾಗಿಲಿನ ರಬ್ಬರ್ ಸುತ್ತ ಬಟ್ಟೆಯಿಂದ ಒರೆಸಬೇಕು. ಒಣಗಿಸುವ ಯಂತ್ರದ ಜಾಲರಿಯಲ್ಲಿ ಕೂತ ನೂಲಿನ ಜೂಲು ತೆಗೆಯಬೇಕು. ನೆಲ ಗುಡಿಸಬೇಕು. ಆಮೇಲೆ ಮಷೀನಿನ ಬಾಗಿಲನ್ನು ಒಂದು ಬೆರಳಷ್ಟು ತೆರೆದಿಡಬೇಕು, ಮುಗ್ಗಲು ವಾಸನೆ ಬರಬಾರದಲ್ಲ. ಒಂದು ಬೆರಳಷ್ಟು ಅಂದರೆ ಎಷ್ಟು ಅಂತ ತಮ್ಮ ಬೆರಳಿಟ್ಟೇ ತೋರಿಸಿದರು! ನಗು ಬಂದರೂ ತಡೆದುಕೊಂಡೆ. ಅತ್ತೆ ಮನೆಯಲ್ಲೂ ನನಗೆ ಇಷ್ಟು ಶಿಸ್ತಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಭಾನುವಾರ ಮಾತ್ರ ಆ ಕೋಣೆಗೆ ಬೀಗ. ಅವತ್ತು ಗೋಡೆಗೆ ಮೊಳೆ ಹೊಡೆಯಬಾರದು, ಹುಲ್ಲು ಕತ್ತರಿಸಬಾರದು. ಖಾಲಿ ಬಾಟಲಿ ತಗೊಂಡು ಹೋಗಿ ಗಾಜಿನ ಡಬ್ಬಕ್ಕೆ ಹಾಕಬಾರದು, ಠಣ್ ಅನ್ನುತ್ತದಲ್ಲ, ಅದಕ್ಕೆ. ಕಸಕ್ಕೂ ಲೆಕ್ಕವಿದೆ. ಆ ದೇಶದ ಹೆಚ್ಚಿನ ಊರುಗಳಲ್ಲಿ ಕಸದ ಚೀಲಕ್ಕೋ ಅದಕ್ಕೆ ಅಂಟಿಸುವ ಚೀಟಿಗೋ ದುಡ್ಡು ಕೊಡಬೇಕು. ಕಸ ಕಡಿಮೆ ಮಾಡಿದಷ್ಟೂ ಉಳಿತಾಯ. ಇದು ನಮ್ಮ ಬೆಂಗಳೂರಿಗೆ ಬಂದರೆ ಏನಾಗಬಹುದು ಅಂತ ಒಮ್ಮೊಮ್ಮೆ ಸುಮ್ನೆ ಯೋಚಿಸುತ್ತೇನೆ. ಬೇಡ ಬಿಡಿ.

ಕಾಗದ ಪತ್ರದ್ದೂ ಹಾಗೇ. ಬಂದ 14 ದಿನದೊಳಗೆ ಪಂಚಾಯಿತಿ ಕಚೇರಿಯಲ್ಲಿ ಹೆಸರು ಬರೆಸಬೇಕು. ಮೂರು ತಿಂಗಳೊಳಗೆ ಆರೋಗ್ಯ ವಿಮೆ ಮಾಡಿಸಬೇಕು, ಅದು ಕಡ್ಡಾಯ. ಕಂತು ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಬಿಸಿಲಿಗೂ ಅಲ್ಲಿ ಸರದಿ ಇದೆ ಅನ್ನಬೇಕು. ಲೌಟರ್‌ಬ್ರುನೆನ್ ಎರಡು ಕಡೆ ಕಡಿದಾದ ಬಂಡೆಗಳ ನಡುವಿನ ಊರು. ಡಿಸೆಂಬರಿನಲ್ಲಿ ಬಿಸಿಲು ಅಲ್ಲಿ ಹಾಗೆ ಮುಖ ತೋರಿಸಿ ಹೀಗೆ ಹೋಗುತ್ತದೆ. ನಮ್ಮೂರು ಮೇಲಿನ ತಟ್ಟಿನಲ್ಲಿರುವುದರಿಂದ ನಾವು ಪುಣ್ಯವಂತರು. ಬಿಸಿಲು ಬಂದ ತಕ್ಷಣ ಮುದುಕರೆಲ್ಲ ಬೆಂಚಿಗೆ ಬರುತ್ತಾರೆ, ಗೃಹಿಣಿಯರು ಹೊದಿಕೆಗಳನ್ನು ಬಾಲ್ಕನಿಗೆ ಹಾಕುತ್ತಾರೆ. ನಾನು ಅದೇ ಹೊತ್ತು ನೋಡಿ ಹಪ್ಪಳ ಒಣಗಿಸಿದ್ದೂ ಉಂಟು.

ಎಲ್ಲಕ್ಕಿಂತ ಜಾಸ್ತಿ ನನ್ನ ತಲೆ ಕೆಡಿಸಿದ್ದು ಫೊಯ್ನ್ ಗಾಳಿ. ದಕ್ಷಿಣದಿಂದ ಬೆಟ್ಟ ಹತ್ತುವ ಗಾಳಿ ತನ್ನ ಮಳೆಯನ್ನೆಲ್ಲ ಆ ಕಡೆಗೇ ಸುರಿದುಬಿಡುತ್ತದೆ. ಈ ಕಡೆ ಇಳಿಯುವಾಗ ಒಣಗಿ, ಬಿಸಿಯಾಗಿ, ಕಣಿವೆಯಲ್ಲಿ ಹುಚ್ಚು ಹಿಡಿದ ಹಾಗೆ ಬೀಸುತ್ತದೆ. ನೋಡ್ತಾ ನೋಡ್ತಾ ಚಳಿ ಬಿಟ್ಟು ಸೆಕೆ, ಸೂರಿನಿಂದ ಹಿಮ ದಡ್ ಅಂತ ಬೀಳೋದು, ಕಿಟಕಿಗಳೆಲ್ಲ ಪಟಪಟ. ಬಹಳ ಜನಕ್ಕೆ ತಲೆನೋವು. ಅಂಗಡಿಯಲ್ಲಿ ಯಾರಾದರೂ ಸಿಡುಕಿದರೆ "ಇವತ್ತು ಫೊಯ್ನ್" ಅಂದರೆ ಆಯ್ತು, ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ಆದರೆ ಬೆಂಕಿ ವಿಷಯಕ್ಕೆ ಬಂದರೆ ಇದು ತಮಾಷೆಯಲ್ಲ. ಮರದ ಮನೆಗಳ ಊರಲ್ಲಿ ಇಂಥ ಗಾಳಿಗೆ ಒಂದು ಕಿಡಿ ಸಾಕು. 1891ರಲ್ಲಿ ಮೈರಿಂಗೆನ್ ಸುಟ್ಟುಹೋಯಿತು, 1892ರಲ್ಲಿ ನಮ್ಮ ಪಕ್ಕದ ಗ್ರಿಂಡೆಲ್‌ವಾಲ್ಡ್. ಈ ಗಾಳಿ ಬೀಸುವ ಕಣಿವೆಗಳಲ್ಲಿ ಅದಕ್ಕಾಗಿಯೇ ರಾತ್ರಿ ಗಸ್ತು ತಿರುಗುವ ಪದ್ಧತಿ ಇತ್ತು. ಈಗಲೂ ಜೋರು ಫೊಯ್ನ್ ಇದ್ದರೆ ಹೊರಗೆ ಬೆಂಕಿ ಹಾಕಬಾರದು ಅನ್ನುವ ಕಟ್ಟಪ್ಪಣೆ ಬರುತ್ತದೆ.

ಹೆದರಿಕೆಗೂ ಅಲ್ಲಿ ವೇಳಾಪಟ್ಟಿ ಇದೆ. ಫೆಬ್ರವರಿಯ ಮೊದಲ ಬುಧವಾರ ಮಧ್ಯಾಹ್ನ ಒಂದೂವರೆಗೆ ಇಡೀ ದೇಶದ ಸೈರನ್‌ಗಳನ್ನು ಕೂಗಿಸಿ ನೋಡುತ್ತಾರೆ. ಬೆಟ್ಟದಿಂದ ಬೆಟ್ಟಕ್ಕೆ ಆ ದನಿ ಹೊಡೆದು ಮೈ ಜುಮ್ಮೆನ್ನುತ್ತದೆ. ಬೇಕರಿಯಲ್ಲಿ ಮಾತ್ರ ಎಲ್ಲರೂ ಬ್ರೆಡ್ ಕೊಳ್ಳುತ್ತಲೇ ಇರುತ್ತಾರೆ. ಚಳಿಗಾಲದಲ್ಲಿ ದಿನಾ ಸಂಜೆ ಐದಕ್ಕೆ ದಾವೋಸ್‌ನಲ್ಲಿರುವ ಹಿಮ ಅಧ್ಯಯನದ ಸಂಸ್ಥೆ ಹಿಮಕುಸಿತದ ಸೂಚನೆ ಹೊರಡಿಸುತ್ತದೆ, ಒಂದರಿಂದ ಐದರವರೆಗೆ ಮಟ್ಟ ಹಾಕಿ. ನಮ್ಮಲ್ಲಿ ಹಿರಿಯರು ಪಂಚಾಂಗ ನೋಡಿ ಹೊರಡುವ ಹಾಗೆ ಅಲ್ಲಿನವರು ಅದನ್ನು ನೋಡಿ ಮರುದಿನದ ದಾರಿ ಗೊತ್ತು ಮಾಡುತ್ತಾರೆ. ಮಾತು ಕೇಳುವ ಈ ರೂಢಿಯಿಂದ ಜೀವ ಉಳಿದದ್ದನ್ನು 2025ರಲ್ಲಿ ನೋಡಿದೆವು. ಲೋಚೆಂಟಾಲ್ ಕಣಿವೆಯ ಬ್ಲಾಟೆನ್ ಹಳ್ಳಿಯ ಸುಮಾರು 300 ಜನರನ್ನು ಮೇ ತಿಂಗಳಲ್ಲಿ ಮುಂಚೆಯೇ ಖಾಲಿ ಮಾಡಿಸಿದರು. ಮೇ 28ರಂದು ಹಿಮನದಿ ಕುಸಿದು ಊರಿನ ಬಹುಪಾಲು ಮಣ್ಣುಪಾಲಾಯಿತು. ದನಗಳನ್ನೂ ಆಗಲೇ ಸಾಗಿಸಿಯಾಗಿತ್ತು. ಆ ವಾರವೆಲ್ಲ ನಮ್ಮೂರಿನಲ್ಲಿ ಬೇರೆ ಮಾತೇ ಇರಲಿಲ್ಲ.

ಜನವರಿಯಲ್ಲಿ ಲೌಬರ್‌ಹಾರ್ನ್ ಸ್ಕೀ ಪಂದ್ಯ, 1930ರಿಂದ ನಡೆಯುತ್ತಿರುವುದು. ಸುಮಾರು 1300 ಜನರ ಊರಿಗೆ ಸಾವಿರಗಟ್ಟಲೆ ಜನ ನುಗ್ಗುತ್ತಾರೆ. ಆ ದಿನಗಳಲ್ಲಿ ನಮ್ಮ ಯಜಮಾನರ ಮುಖ ನೋಡೋದೇ ಕಷ್ಟ. ನವೆಂಬರಿನಲ್ಲಿ ತದ್ವಿರುದ್ಧ. ಹೋಟೆಲುಗಳು ಮುಚ್ಚಿರುತ್ತವೆ. ಅಲ್ಲಿ ದುಡಿಯುವ ಪೋರ್ಚುಗೀಸರು ಊರಿಗೆ ಹೋಗಿರುತ್ತಾರೆ. ನನಗೆ ಊರು ಪರಿಚಯವಾದದ್ದು ಇಂಥ ನವೆಂಬರಿನಲ್ಲೇ. ಯಾರಿಗೂ ಅವಸರವಿಲ್ಲ, ನನ್ನ ಅರೆಬರೆ ಜರ್ಮನ್ ಕೇಳುವಷ್ಟು ಪುರುಸೊತ್ತು ಎಲ್ಲರಿಗೂ ಇರುತ್ತದೆ. ದಾರಿಯಲ್ಲಿ ಎದುರಾದವರಿಗೆಲ್ಲ "ಗ್ರೂಸೆಖ್" ಅನ್ನಬೇಕು, ಗುರುತಿಲ್ಲದವರಿಗೂ. ಮೇಲಿನ ಮನೆ ಅಜ್ಜಿ ನಮ್ಮನೆ ದೋಸೆ ತಿಂದದ್ದೂ ಆಗಲೇ. ಹಿಟ್ಟು ಹುದುಗಲು ಪಾತ್ರೆಯನ್ನು ಹೀಟರ್ ಪಕ್ಕ ಇಡುತ್ತೇನೆ ಅಂದಾಗ, ಎಷ್ಟು ಗಂಟೆ ಅಂತ ಬರೆದುಕೊಂಡರು!

ಕರಿಬೇವು, ಕುಸುಬಲಕ್ಕಿ ಬೇಕಾದರೆ ಎರಡು ಕಡೆ ರೈಲು ಬದಲಿಸಿ ಬರ್ನ್‌ಗೆ ಹೋಗುತ್ತೇನೆ. ಅಲ್ಲಿ ಶ್ರೀಲಂಕಾ ತಮಿಳರ ಅಂಗಡಿಗಳಿವೆ. ನೀವು ಯಾರಾದರೂ ಆ ಕಡೆ ಬಂದರೆ ದಯವಿಟ್ಟು ಕರಿಬೇವು, ತುಪ್ಪ, ಪೇಡ ಹೊತ್ತು ತರಬೇಡಿ. ಹೊರದೇಶದ ಹಸಿ ಸೊಪ್ಪನ್ನೂ ಹಾಲಿನ ಪದಾರ್ಥವನ್ನೂ ಅಲ್ಲಿ ಹಾಗೇ ಒಳಗೆ ಬಿಡೋದಿಲ್ಲ, ಏರ್‌ಪೋರ್ಟಿನಲ್ಲೇ ಎತ್ತಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಕುಟ್ಟಿದ ಸಾರಿನ ಪುಡಿ ಇದ್ದರೆ ಒಂದು ಡಬ್ಬಿ ತನ್ನಿ, ಸಾಕು. ಆದಷ್ಟೂ ನವೆಂಬರಿನಲ್ಲಿ ಬನ್ನಿ. ಮಂಗಳವಾರ ಒಂದು ಬಿಟ್ಟು.

ನಮಸ್ಕಾರ.