ಟೋಟಲ್ ಲಾಸ್ ಆದ ಕಾರು ಮತ್ತೆ ರಸ್ತೆಗೆ ಬಂದರೆ

ಎಲ್ಲರಿಗೂ ನಮಸ್ಕಾರ.

ಅಡಿಕೆ ಮಾರಿ ಕೈಗೆ ದುಡ್ಡು ಬಂದ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸೆಕೆಂಡ್ ಹ್ಯಾಂಡ್ ಕಾರಿನ ವಿಚಾರಣೆ ಶುರುವಾಗುತ್ತದೆ. ಎಷ್ಟು ಓಡಿದೆ, ಎಷ್ಟನೇ ಓನರ್, ಮೈಲೇಜ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಈ ಕಾರಿಗೆ ವಿಮೆಯವರು ಯಾವತ್ತಾದರೂ ಟೋಟಲ್ ಲಾಸ್ ಕೊಟ್ಟಿದ್ದಾರಾ ಎಂದು ಕೇಳುವವರು ಕಡಿಮೆ. ಜಖಂ ಆದ ಕಾರು ನೋಡಿ ನಷ್ಟ ಲೆಕ್ಕ ಹಾಕುವ ಸರ್ವೇಯರ್ ಕೆಲಸ ನನ್ನದು. ಆದ್ದರಿಂದ ಆ ಪ್ರಶ್ನೆಯನ್ನೇ ಇವತ್ತು ಎತ್ತಿಕೊಂಡಿದ್ದೇನೆ.

ಟೋಟಲ್ ಲಾಸ್ ಅನ್ನುವುದು ಪೂರ್ತಿ ದುಡ್ಡಿನ ಲೆಕ್ಕ. ವಿಮೆ ಪಾಲಿಸಿಯಲ್ಲಿ ಐಡಿವಿ ಅಂತ ಕಾರಿನ ಬೆಲೆ ಬರೆದಿರುತ್ತದೆ. ರಿಪೇರಿ ಖರ್ಚು ಅದರ ಶೇ. 75 ದಾಟಿದರೆ ಕಾರು ಟೋಟಲ್ ಲಾಸ್. ಐದನೇ ವರ್ಷಕ್ಕೆ ಕಾಲಿಟ್ಟ ಕಾರಿನ ಐಡಿವಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. 8 ಲಕ್ಷದ ಕಾರಿಗೆ 4 ಲಕ್ಷ ಅಂದುಕೊಳ್ಳಿ. ಎಸ್ಟಿಮೇಟ್ 3 ಲಕ್ಷ ದಾಟಿದರೆ ಮುಗಿಯಿತು. ವಿಮೆಯವರು ದುಡ್ಡು ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಜಖಂ ಆದ ಕಾರು ಹರಾಜಿಗೆ ಹೋಗುತ್ತದೆ.

ಕೊಂಡವನು ಅದನ್ನು ರಿಪೇರಿ ಮಾಡಿ ಲಾಭಕ್ಕೆ ಮಾರಬೇಕು. ಕಂಪನಿ ಪಾರ್ಟ್ಸ್ ಹಾಕಿದರೆ 3 ಲಕ್ಷಕ್ಕೂ ಮುಗಿಯದ ಕೆಲಸವನ್ನು ಅವನು ಅರ್ಧ ದುಡ್ಡಲ್ಲಿ ಮುಗಿಸಬೇಕು. ಎಲ್ಲಿ ಉಳಿಸುತ್ತಾನೆ ಹೇಳಿ? ಬಾನೆಟ್, ಬಂಪರ್, ಪೇಂಟಿನಲ್ಲಿ ಉಳಿಸಲಿಕ್ಕಾಗುವುದಿಲ್ಲ, ಅವು ಗಿರಾಕಿಯ ಕಣ್ಣಿಗೆ ಬೀಳುತ್ತವೆ. ಕಾಣದ ಜಾಗದಲ್ಲೇ ಉಳಿಸಬೇಕು. ನಮ್ಮ ಜೀವ ಕಾಯುವ ಸಾಮಾನುಗಳೆಲ್ಲ ಇರುವುದು ಅದೇ ಕಾಣದ ಜಾಗದಲ್ಲಿ.

ಏರ್‌ಬ್ಯಾಗ್ ತೆಗೆದುಕೊಳ್ಳಿ. ಅದು ಗೀರಿದ ಬೆಂಕಿಕಡ್ಡಿಯ ಹಾಗೆ, ಎರಡನೇ ಸಲಕ್ಕೆ ಬರುವುದಿಲ್ಲ. ಬ್ಯಾಗು, ಅದರ ಕಂಟ್ರೋಲ್ ಯೂನಿಟ್, ಪೆಟ್ಟು ತಿಂದ ಸೆನ್ಸರ್, ಅಪಘಾತದಲ್ಲಿ ಬಿಗಿದುಕೊಂಡ ಸೀಟ್ ಬೆಲ್ಟ್, ಎಲ್ಲವನ್ನೂ ನೋಡಿ ಬದಲಿಸಬೇಕು. ಖರ್ಚು ಜಾಸ್ತಿ. ಕೆಲವರು ಏನು ಮಾಡುತ್ತಾರೆ ಗೊತ್ತಾ? ಸ್ಟೀರಿಂಗ್ ಬಿಚ್ಚಿ, ಬ್ಯಾಗಿನ ವೈರ್ ತುದಿಗೆ ರೆಸಿಸ್ಟರ್ ಅನ್ನುವ ಕೆಲವೇ ರೂಪಾಯಿಯ ಒಂದು ಸಣ್ಣ ಎಲೆಕ್ಟ್ರಾನಿಕ್ ಬಿಡಿಭಾಗ ಕಟ್ಟಿ ಟೇಪ್ ಸುತ್ತುತ್ತಾರೆ. ಬ್ಯಾಗ್ ಇದೆ ಅಂತ ಕಂಪ್ಯೂಟರ್ ನಂಬುತ್ತದೆ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುತ್ತದೆ. ಮೇಲೆ ಹೊಸ ಕವರ್ ಕೂರಿಸಿದರೆ ಸ್ಟೀರಿಂಗ್ ಶೋರೂಮಿನಿಂದ ಬಂದ ಹಾಗೆ ಕಾಣುತ್ತದೆ. ಒಳಗೆ ಏನೂ ಇರುವುದಿಲ್ಲ. ಗೊತ್ತಿದ್ದೂ ಗೊತ್ತಿದ್ದೂ, ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಹೀಗೆ ಮಾಡುವುದನ್ನು ನಾನು ಅಪರಾಧ ಅಂತಲೇ ಕರೆಯುತ್ತೇನೆ.

ಬಾಡಿಯ ವಿಷಯ ಇನ್ನೂ ಸೂಕ್ಷ್ಮ. ಮುಂದಿನ ಚಾಸಿ ಮೆಂಬರ್, ಅಂದರೆ ಕಾರಿನ ಮುಂಭಾಗವನ್ನು ಹೊತ್ತ ಉಕ್ಕಿನ ತೊಲೆ, ಎಲ್ಲಿ, ಎಷ್ಟು ಮುದುಡಬೇಕು ಎಂದು ಲೆಕ್ಕ ಹಾಕಿಯೇ ಕಾರು ಕಟ್ಟಿರುತ್ತಾರೆ. ಅದು ಮುದುಡಿ ಹೊಡೆತವನ್ನು ನುಂಗುತ್ತದೆ, ಒಳಗೆ ಕೂತವರಿಗೆ ಜಾಗ ಉಳಿಯುತ್ತದೆ. ಒಮ್ಮೆ ಮುದುಡಿದ ತಗಡನ್ನು ಗ್ಯಾಸ್‌ನಲ್ಲಿ ಕಾಯಿಸಿ ಎಳೆದರೆ ಆಕಾರ ವಾಪಸ್ ಬರುತ್ತದೆ, ಬಲ ಬರುವುದಿಲ್ಲ. ಛಾವಣಿ ಹೊತ್ತ ಪಿಲ್ಲರಿಗೆ ಹಾಕುವ ಗಟ್ಟಿ ಉಕ್ಕಂತೂ ಕಾಯಿಸಿದರೆ ಮೆತ್ತಗಾಗುತ್ತದೆ. ಇದರಿಂದ ಏರ್‌ಬ್ಯಾಗಿನ ಸಮಯವೂ ತಪ್ಪಬಹುದು. ಬಾಡಿ ಹೇಗೆ ಮುದುಡುತ್ತದೆ ಅನ್ನುವುದನ್ನು ನಂಬಿಯೇ ಸೆನ್ಸರ್ ತೀರ್ಮಾನ ಮಾಡುವುದು. ಟಿಂಕರಿಂಗ್ ಮಾಡುವ ಅಣ್ಣಂದಿರು ಇಲ್ಲಿ ಕೂತಿದ್ದೀರಿ. ನಿಮ್ಮ ಕೈಚಳಕದ ಬಗ್ಗೆ ನನಗೆ ಗೌರವ ಇದೆ. ಆದರೆ ಸುತ್ತಿಗೆ ಮತ್ತು ಗ್ಯಾಸ್ ಕಟರಿನಿಂದ ಆಗುವ ಕೆಲಸ ಇದಲ್ಲ ಅಂತ ನಿಮಗೂ ಗೊತ್ತು.

ನಮ್ಮ ಊರಿನ ಮಳೆಯನ್ನೂ ಇದಕ್ಕೆ ಸೇರಿಸಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿ.ಮೀ.ಗೂ ಮೇಲೆ ಸುರಿಯುತ್ತದೆ. ವೆಲ್ಡಿಂಗ್ ಬಿಸಿಗೆ ಸುಟ್ಟ ಜಾಗದಲ್ಲಿ ತುಕ್ಕು ತಡೆಯುವ ಲೇಪ ಹೋಗಿರುತ್ತದೆ. ಹೊರಗೆ ಪೇಂಟ್ ಹೊಳೆಯುತ್ತಿರುವಾಗಲೇ ಒಳಗಿಂದ ತುಕ್ಕು ಹಿಡಿಯುತ್ತದೆ. ಚಾಸಿ ಸ್ವಲ್ಪ ಸೊಟ್ಟಗಿದ್ದರೂ ಬೈಪಾಸಿನಲ್ಲಿ ನೇರ ಹೋಗುವಾಗ ಗೊತ್ತಾಗದೆ ಇರಬಹುದು. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ, ಕಾರು ಒಂದು ಕಡೆ ಎಳೆಯುತ್ತದೆ.

ನೆರೆಗೆ ಸಿಕ್ಕ ಕಾರುಗಳೂ ಇದೇ ಸಾಲಿಗೆ ಸೇರುತ್ತವೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ನಿಮಗೆಲ್ಲ ನೆನಪಿದೆ. ಮುಳುಗಿದ ಕಾರನ್ನು ತೊಳೆದು ಒಣಗಿಸಿದರೂ ವೈರಿಂಗ್ ಜೋಡಣೆಗಳಲ್ಲಿ ಕಿಲುಬು ನಿಧಾನವಾಗಿ ಬೆಳೆಯುತ್ತದೆ. ತಿಂಗಳುಗಟ್ಟಲೆ ಸುಮ್ನಿದ್ದು ಒಂದು ದಿನ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೈಕೊಡುತ್ತದೆ.

ಆರ್‌ಟಿಒದಲ್ಲಿ ಸಿಕ್ಕಿಬೀಳುವುದಿಲ್ಲವಾ ಎಂದು ಕೇಳಬಹುದು. ಟ್ಯಾಕ್ಸಿ, ಲಾರಿಗಾದರೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ಸ್ವಂತ ಕಾರಿಗೆ ಮೊದಲ 15 ವರ್ಷ ಅದಿಲ್ಲ. ಇನ್ನೆಂದೂ ಬಳಸಲಾಗದಷ್ಟು ಹಾಳಾದ ಗಾಡಿಯ ಆರ್‌ಸಿಯನ್ನು ಮಾಲೀಕ 14 ದಿನದೊಳಗೆ ಒಪ್ಪಿಸಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಹರಾಜಿನಲ್ಲಿ ಆರ್‌ಸಿ ಸಮೇತ ಕೈಬದಲಾದ ಕಾರು ಈ ಜರಡಿಗೆ ಸಿಗುವುದಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2011ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಇಂಥ ಕಾರನ್ನು ಮತ್ತೆ ನೋಂದಣಿ ಮಾಡುವುದನ್ನೇ ನಿಲ್ಲಿಸಿದರು. ನಾನು ಅಷ್ಟು ಕೇಳುತ್ತಿಲ್ಲ. ಟೋಟಲ್ ಲಾಸ್ ಆದ ಕಾರು ಅಂತ ಆರ್‌ಸಿಯಲ್ಲಿ ಒಂದು ಸಾಲು ಬರಲಿ, ರಸ್ತೆಗೆ ಬರುವ ಮೊದಲು ಒಂದು ತಪಾಸಣೆ ಆಗಲಿ.

ಅಲ್ಲಿಯವರೆಗೆ ನಾವೇ ನೋಡಿಕೊಳ್ಳಬೇಕು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತದೇ ಇದ್ದರೆ ಅನುಮಾನಪಡಿ. ಆರಿದರೂ ರೆಸಿಸ್ಟರ್ ಇಲ್ಲ ಅಂತ ಹೇಳಲಾಗದು, ತಿಳಿದವರ ಕೈಲಿ ಬಿಚ್ಚಿಸಿ ನೋಡಿಸಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಕೆಸರಿನ ಕಲೆ, ಉಜ್ಜಿ ಕರಗಿದ ಗುರುತು ಅಲ್ಲೇ ಸಿಗುತ್ತದೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿಯಲ್ಲಿ ಕೆಸರು, ತುಕ್ಕು ಇದೆಯಾ ನೋಡಿ. ಹಳೇ ಪಾಲಿಸಿಗಳನ್ನು ವರ್ಷವಾರು ಕೇಳಿ. ಟೋಟಲ್ ಲಾಸ್ ಕೊಟ್ಟ ಮೇಲೆ ಆ ಪಾಲಿಸಿ ರದ್ದಾಗುತ್ತದೆ, ಹಾಗಾಗಿ ನಡುವೆ ಕೆಲವು ತಿಂಗಳು ವಿಮೆಯೇ ಇಲ್ಲದಿದ್ದರೆ ಕಾರಣ ಕೇಳಿ. ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಳೇ ದಾಖಲೆ ತೆಗೆಸಿ. ಮಾರುವವನು ಇದಕ್ಕೆ ಒಪ್ಪದಿದ್ದರೆ ಆ ಕಾರು ಬಿಟ್ಟುಬಿಡಿ.

ಈಗಾಗಲೇ ಅಂಥ ಕಾರು ಮನೆಯಲ್ಲಿದೆ ಎಂದು ಅನುಮಾನ ಇರುವವರು ಮೊದಲು ಏರ್‌ಬ್ಯಾಗ್, ಬೆಲ್ಟ್ ಸರಿ ಮಾಡಿಸಿ. ಚಾಸಿ ಅಳತೆ ತೆಗೆಯುವ ಬೆಂಚ್ ಇರುವ ವರ್ಕ್‌ಶಾಪಿಗೆ ಒಯ್ದು ಅಳತೆ ನೋಡಿಸಿ. ಸರಿಯಾಗುವುದಿಲ್ಲ ಅಂತ ಅಲ್ಲಿ ಹೇಳಿದರೆ, ದಯವಿಟ್ಟು ಇನ್ನೊಬ್ಬರಿಗೆ ಮಾರಬೇಡಿ. ಆರ್‌ಸಿ ರದ್ದು ಮಾಡಿಸಿ ಗುಜರಿಗೆ ಹಾಕಿ.