ಮುಚ್ಚಿದ ಆಸ್ಪತ್ರೆಯ ಔಷಧಿ ಕಿಟಕಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಪತ್ರಿಕೆಯಲ್ಲಿ ‘ಪಾಳುಬಿದ್ದ ಆಸ್ಪತ್ರೆ’ ಅಂತ ಹಾಕಿದ್ದಕ್ಕೇ ಇರಬೇಕು. ಮೊದಲೇ ಹೇಳಿಬಿಡುತ್ತೇನೆ, ನನ್ನ ಹತ್ತಿರ ಭೂತದ ಫೋಟೊ ಒಂದೂ ಇಲ್ಲ.

ನಾನು ಫೋಟೊ ತೆಗೆದ ಈ ಆಸ್ಪತ್ರೆ ಶರಾವತಿ ಕಡೆಯದು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ವಾರ ರೀಲ್ಸ್ ಮಾಡುವವರು ಹೋಗುತ್ತಾರೆ, ಅದರ ಮುಂದಿನ ವಾರ ಬಾಗಿಲು ಕಿಟಕಿ ಇರುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದಿದ್ದು 1964ರಲ್ಲಿ. ಆ ಕೆಲಸಕ್ಕೆ ಎಲ್ಲೆಲ್ಲಿಂದಲೋ ಜನ ಬಂದರು. ಕಾಡಿನ ಮಧ್ಯೆ ಕಾಲೊನಿ ಎದ್ದಿತು, ಕಾಲೊನಿಗೊಂದು ಆಸ್ಪತ್ರೆ. ಕೆಲಸ ಮುಗಿದ ಮೇಲೆ ಮನೆಗಳು ಒಂದೊಂದಾಗಿ ಖಾಲಿಯಾದವು. ಜ್ವರ ಬರುವುದಕ್ಕೂ ಜನ ಬೇಕಲ್ವಾ?

ಒಳಗೆ ಹೋಗಲು ಅನುಮತಿಗಾಗಿ ಎರಡು ತಿಂಗಳು ಅಲೆದೆ. ಬೇಲಿ ಹಾರಿದ್ದರೆ ಎರಡು ನಿಮಿಷದ ಕೆಲಸ, ನಿಜ. ಆದರೆ ಅನುಮತಿ ಇದ್ದಿದ್ದರಿಂದ ವಾಚ್‌ಮನ್ ಜೊತೆಗೆ ಬಂದರು. ಹಾವು ಎಲ್ಲಿ ಮಲಗುತ್ತದೆ, ಯಾವ ಹಂಚಿನ ಕೆಳಗೆ ನಿಲ್ಲಬಾರದು, ಎಲ್ಲ ಅವರಿಗೆ ಗೊತ್ತು.

ಮಳೆಗಾಲದಲ್ಲಿ ಹೋದರೆ ಉಂಬಳ. ರಕ್ತ ಕುಡಿದು ಬಿದ್ದುಹೋಗುತ್ತದೆ, ಅಷ್ಟೆ. ಹೆದರಬೇಕಾದ್ದು ಬೇಸಿಗೆಯ ಉಣುಗಿಗೆ. ಉಣುಗು ಕಚ್ಚಿದರೆ ಬರುವ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಪಾಳು ಕಟ್ಟಡದ ಸುತ್ತ ತರಗೆಲೆ ಬಿದ್ದಿರುತ್ತದೆ, ಉಣುಗು ಅದರಲ್ಲೇ ಇರುತ್ತದೆ. ಅಲ್ಲಿ ಕೂತು ಲೆನ್ಸ್ ಬದಲಾಯಿಸಬೇಡಿ. ಉದ್ದ ಪ್ಯಾಂಟ್ ಹಾಕಿ, ಅದರ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ. ಹತ್ತಿರದಲ್ಲಿ ಮಂಗ ಸತ್ತಿದೆ ಅಂತ ಕೇಳಿದರೆ ಆ ಕಡೆ ಹೋಗಲೇಬೇಡಿ.

ಇನ್ನೊಂದು ಮಾತು, ಏನು ಸಿಕ್ಕರೂ ಮುಟ್ಟಬೇಡಿ. ಬ್ರೆಜಿಲಿನ ಗೊಯಾನಿಯಾದಲ್ಲಿ 1987ರಲ್ಲಿ ಇಬ್ಬರು ಪಾಳು ಚಿಕಿತ್ಸಾಲಯದಿಂದ ಗುಜರಿಗೆ ಅಂತ ಒಂದು ಯಂತ್ರದ ಭಾಗ ಬಿಚ್ಚಿಕೊಂಡು ಹೋದರು. ಅದು ಕ್ಯಾನ್ಸರಿಗೆ ವಿಕಿರಣ ಕೊಡುತ್ತಿದ್ದ ಯಂತ್ರ. ಒಳಗಿನ ವಿಕಿರಣ ಸೂಸುವ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಚೆಂದ ಇದೆ ಅಂತ ನೆಂಟರಿಷ್ಟರಿಗೂ ಹಂಚಿದರು. ನಾಲ್ಕು ಜನ ಸತ್ತರು.

ನಮ್ಮ ಆಸ್ಪತ್ರೆಯಲ್ಲಿ ಹೊಳೆಯುವುದು ಏನೂ ಇರಲಿಲ್ಲ. ಒಂದು ಮೂಲೆಯಲ್ಲಿ ರೋಗಿಗಳ ಹಳೆ ಚೀಟಿಗಳು ಗೆದ್ದಲು ತಿಂದು ಬಿದ್ದಿದ್ದವು. ಹೆಸರು, ವಯಸ್ಸು, ಕಾಯಿಲೆ. ಅದರ ಫೋಟೊ ತೆಗೆದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಸಾಗರದಲ್ಲೋ ಕಾರ್ಗಲ್ಲಿನಲ್ಲೋ ಇರಬಹುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಔಷಧಿ ಕೊಡುವ ಕಿಟಕಿ. ಆಗೆಲ್ಲ ಮಿಕ್ಸ್ಚರ್‌ಗೆ, ಅಂದರೆ ಕುಡಿಯುವ ಔಷಧಿಗೆ, ಮನೆಯಿಂದಲೇ ಬಾಟ್ಲಿ ತರಬೇಕಿತ್ತು. ಕಾಂಪೌಂಡರ್ ಕಾಗದದ ಪಟ್ಟಿಯನ್ನು ಕಚ್ಚು ಕಚ್ಚಾಗಿ ಕತ್ತರಿಸಿ ಬಾಟ್ಲಿಗೆ ಅಂಟಿಸುತ್ತಿದ್ದರು. ಒಂದು ಹೊತ್ತಿಗೆ ಒಂದು ಕಚ್ಚು. ಆ ಕಿಟಕಿಯ ಹಲಗೆ ಮಧ್ಯದಲ್ಲಿ ತಗ್ಗಾಗಿದೆ. ನುಣ್ಣಗೆ, ಅಡಿಕೆ ಕತ್ತಿಯ ಹಿಡಿ ಸವೆದಂತೆ.

ಒಳಗೆ ಕತ್ತಲೆ, ಹೊರಗೆ ಬಿಸಿಲು. ಫ್ಲ್ಯಾಶ್ ಹಾಕಿದರೆ ಆ ತಗ್ಗು ಕಾಣುವುದೇ ಇಲ್ಲ, ಹಲಗೆ ಚಪ್ಪಟೆಯಾಗಿಬಿಡುತ್ತದೆ. ತಗ್ಗು ತೋರಿಸುವುದು ಪಕ್ಕದಿಂದ ಬರುವ ಬೆಳಕು. ಟ್ರೈಪಾಡ್ ಇಟ್ಟು, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 100ಕ್ಕೆ ಇಳಿಸಿ, ನಾಲ್ಕು ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟೆ, ಅಂದರೆ ಅಷ್ಟು ಹೊತ್ತು ಬೆಳಕು ಒಳಗೆ ಬಿಟ್ಟೆ. ಬಟನ್ ಒತ್ತುವಾಗ ಕ್ಯಾಮೆರಾ ಅದುರಬಾರದು ಅಂತ ಟೈಮರ್ ಇಟ್ಟೆ.

ಆಮೇಲೆ ವಾಚ್‌ಮನ್‌ಗೆ, ‘ಆ ತಗ್ಗಿನಲ್ಲಿ ಮೊಣಕೈ ಊರಿ ನಿಲ್ತೀರಾ?’ ಅಂದೆ.

‘ನಾನು ಆಗ ಇಷ್ಟುದ್ದ ಇದ್ದೆ ಸಾರ್, ಕಿಟಕಿ ಎಟುಕ್ತಿರಲಿಲ್ಲ. ಬಾಟ್ಲಿ ಹಿಡ್ಕಂಡು ಅಪ್ಪನ ಪಕ್ಕ ನಿಲ್ತಿದ್ದೆ. ಮೊಣಕೈ ಊರ್ತಿದ್ದಿದ್ದು ನಮ್ಮಪ್ಪ’ ಅಂದರು. ಹಾಗಂದು ನಿಧಾನಕ್ಕೆ ಊರಿದರು.

ನಾಲ್ಕು ಸೆಕೆಂಡಿನಲ್ಲಿ ಎರಡು ಸಲ ಅಲುಗಾಡಿದ್ದಾರೆ. ಮುಖ ಪೂರ್ತಿ ಮಸುಕು, ಹಲಗೆ ಮತ್ತು ಮೊಣಕೈ ಮಾತ್ರ ಸ್ಪಷ್ಟ. ಇನ್ನೊಂದು ತೆಗೆಯೋಣ ಅಂತ ನಾನೂ ಕೇಳಲಿಲ್ಲ. ಹಿಂದಿನ ಲೈಟ್ ಸ್ವಲ್ಪ ಆರಿಸಿ, ತೋರಿಸುತ್ತೇನೆ.