ಕಂಬಳಿಹುಳ ಓಡೋ ಊರು

ನಮಸ್ಕಾರ ಕೇಳುಗರೇ. ಇವತ್ತು ಒಂದು ರೇಸಿನ ಬಗ್ಗೆ ಹೇಳ್ತೀನಿ. ಕುದುರೆ ರೇಸಲ್ಲ, ಕಾರ್ ರೇಸೂ ಅಲ್ಲ, ಓಡೋದು ಕಂಬಳಿಹುಳ. ಹೌದ್ರೀ, ಸರಿಯಾಗೇ ಕೇಳಿಸ್ಕೊಂಡ್ರಿ, ಅದೇ, ಗೋಡೆ ಮೇಲೆ ಕಂಡ್ರೆ ನಾವೆಲ್ಲ ಪೊರಕೆ ಹುಡುಕ್ತೀವಲ್ಲ ಅದು.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಅಪಲಾಚಿಯನ್ ಬೆಟ್ಟಸಾಲಿನ ಮೇಲೆ, ಬ್ಯಾನರ್ ಎಲ್ಕ್ ಅಂತ ಒಂದು ಪುಟ್ಟ ಊರು. ಸುಮಾರು 3,700 ಅಡಿ ಎತ್ತರ, ಜನ ಸಾವಿರದ ಆಸುಪಾಸು ಅಷ್ಟೇ. 1978ರಲ್ಲಿ ಅಲ್ಲಿ ವೂಲಿ ವರ್ಮ್ ಫೆಸ್ಟಿವಲ್ ಶುರುವಾಯ್ತು, ಅಕ್ಟೋಬರ್ ಮೂರನೇ ವಾರಾಂತ್ಯದ ಹಬ್ಬ, ಎಲೆ ಕೆಂಪಾಗಿ ಹಳದಿಯಾಗಿ ಉದುರೋ ಟೈಮು. ವೂಲಿ ಅಂದ್ರೆ ಉಣ್ಣೆ ಮೈದು ಅಂತ, ನಾವಂತೂ ಆ ಹುಳಕ್ಕೆ ಯಾವತ್ತೋ ಕಂಬಳೀನೇ ಹೊದಿಸಿಬಿಟ್ಟಿದೀವಿ, ಹೆಸರು ಇಟ್ಟೋರು ಯಾರೋ, ಅವರಿಗೊಂದು ಸಲಾಮು.

ರೇಸ್ ಹೇಗೆ ಅಂದ್ರೆ, ಒಂದು ಬೋರ್ಡಿನ ಮುಂದೆ ಸಾಲಾಗಿ ದಾರ ಇಳಿಬಿಟ್ಟಿರ್ತಾರೆ, ಒಂದೊಂದು ದಾರದ ಬುಡಕ್ಕೆ ಒಂದೊಂದು ಹುಳ, ಯಾವ್ದು ಮೊದ್ಲು ಮೇಲೆ ಹತ್ತುತ್ತೋ ಅದು ಗೆದ್ದ ಹಾಗೆ. ಒಂದ್ಸಲ ಬಿಟ್ಟ ಮೇಲೆ ಮುಟ್ಟೋ ಹಾಗಿಲ್ಲ, ಊದಬಹುದು, ಕಿರುಚಬಹುದು, ಚಪ್ಪಾಳೆ ಹೊಡೀಬಹುದು. ಮಕ್ಕಳು ಕೆನ್ನೆ ಉಬ್ಬಿಸ್ಕೊಂಡು ಹುಳದ ಹಿಂದಿನಿಂದ ಊದ್ತಾರೆ, ಜೊತೆಗೆ ಅಪ್ಪಂದಿರೂ ಊದ್ತಾರೆ, ಹುಳ ಮಾತ್ರ ಅರ್ಧ ದಾರಿ ಹತ್ತಿ, ತಲೆ ಎತ್ತಿ ಆ ಕಡೆ ಈ ಕಡೆ ನೋಡಿ, ಏನೋ ಮರೆತು ಬಂದೋರ ಹಾಗೆ ವಾಪಸ್ ಕೆಳಗೆ ಇಳಿಯುತ್ತೆ! ಬೆಳಗ್ಗೆಯಿಂದ ಸುತ್ತಿನ ಮೇಲೆ ಸುತ್ತು ನಡೆದು ಶನಿವಾರದ ಫೈನಲ್ ಗೆದ್ದ ಹುಳದ ಯಜಮಾನನಿಗೆ ಸಾವಿರ ಡಾಲರ್. ಹುಳಕ್ಕೆ ಇನ್ನೊಂದು ಕೆಲಸ ಬಾಕಿ ಇರುತ್ತೆ, ಭವಿಷ್ಯ ಹೇಳೋದು.

ಅದರ ಮೈಯಲ್ಲಿ 13 ಪಟ್ಟಿ, ಚಳಿಗಾಲಕ್ಕೂ ಸರಿಯಾಗಿ 13 ವಾರ. ತಲೆ ಕಡೆಯಿಂದ ಎಣಿಸ್ತಾ ಹೋಗ್ಬೇಕು, ಪಟ್ಟಿ ಕಪ್ಪಗಿದ್ರೆ ಆ ವಾರ ಚಳಿ ಜಾಸ್ತಿ, ಹಿಮ ಬೀಳುತ್ತೆ, ಕಂದು ಬಣ್ಣ ಇದ್ರೆ ಪರವಾಗಿಲ್ಲ, ಬದುಕ್ಕೋಬಹುದು ಅಂತ ಲೆಕ್ಕ. ಹವಾಮಾನ ಇಲಾಖೆಯೋರು ಉಪಗ್ರಹ ಇಟ್ಕೊಂಡು ಮೂರು ತಿಂಗಳ ಮುಂಚೆ ಇಷ್ಟು ಖಡಾಖಂಡಿತವಾಗಿ ಹೇಳಲ್ಲ, ಹುಳ ಹೇಳುತ್ತೆ.

ಇದನ್ನ ಪರೀಕ್ಷೆ ಮಾಡಿದೋರೂ ಇದಾರೆ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಕೀಟಗಳ ವಿಭಾಗ ನೋಡ್ಕೋತಿದ್ದ ಹೊವರ್ಡ್ ಕರನ್ ಅನ್ನೋರು 1948ರಲ್ಲಿ ಬೇರ್ ಮೌಂಟನ್ ಅನ್ನೋ ಜಾಗಕ್ಕೆ ಹೆಂಡತೀನೂ ಕರ್ಕೊಂಡು ಹೋಗಿ, ಸಿಕ್ಕಷ್ಟು ಹುಳ ಹಿಡಿದು ಕಂದು ಪಟ್ಟಿ ಎಣಿಸಿದ್ರು, ಮುಂದಿನ ವರ್ಷಗಳಲ್ಲೂ ಎಣಿಸಿದ್ರು. ಒಬ್ಬ ವಿಜ್ಞಾನಿಗೆ ಎಲೆ ಉದುರೋ ಕಾಲದಲ್ಲಿ ಬೆಟ್ಟ ಸುತ್ತೋಕೆ ಇದಕ್ಕಿಂತ ಒಳ್ಳೆ ನೆಪ ಸಿಗ್ತಿತ್ತಾ ಅಂತ ನನ್ನ ಅನುಮಾನ. ಹುಳದ ಮಾತು ನಂಬಬಹುದು ಅನ್ನೋಷ್ಟು ಪುರಾವೆ ಅದರಿಂದ ಸಿಗಲಿಲ್ಲ ಬಿಡಿ. ಅಸಲಿ ವಿಷಯ ಏನಪ್ಪಾ ಅಂದ್ರೆ, ಹುಳ ಬೆಳೀತಾ ಬೆಳೀತಾ ಪೊರೆ ಬಿಡುತ್ತೆ, ಪ್ರತಿ ಸಲ ಪೊರೆ ಬಿಟ್ಟಾಗ್ಲೂ ನಡುವಿನ ಕಂದು ಭಾಗ ಅಗಲ ಆಗುತ್ತೆ, ಅಂದ್ರೆ ಬಣ್ಣ ಹೇಳೋದು ಅದರ ವಯಸ್ಸು, ಅದು ಹೇಗೆ ಉಂಡು ಬೆಳೀತು ಅನ್ನೋದು. ಮುಂದಿನ ಸುದ್ದಿ ಕೇಳಿದ್ರೆ ಹಿಂದಿನ ಸುದ್ದಿ ಹೇಳ್ತಿದೆ ಪಾಪ.

ಆದ್ರೂ ಬೆಟ್ಟದ ಊರಿನೋರು ಹುಳಾನ ಯಾಕೆ ಕೇಳ್ತಾರೆ ಅನ್ನೋದು ನಂಗೆ ಅರ್ಥ ಆಗುತ್ತೆ. ಅಂಥ ಕಡೆ ಚಳಿಗಾಲ ಅಂದ್ರೆ ಬರೀ ಸ್ವೆಟರ್ ಹಾಕ್ಕೊಳೋ ಮಾತಲ್ಲ, ಸೌದೆ ಎಷ್ಟು, ಮೇವು ಎಷ್ಟು, ರಸ್ತೆ ಎಷ್ಟು ದಿನ ಮುಚ್ಚುತ್ತೆ ಅನ್ನೋ ಲೆಕ್ಕ. ಅದಕ್ಕೇ ಶರತ್ಕಾಲದ ಹಬ್ಬಗಳಲ್ಲಿ ನಗು ಎಷ್ಟಿದ್ರೂ ಒಳಗೊಂದು ಪುಕ್ಕಲು ಇರುತ್ತೆ ಅನ್ಸುತ್ತೆ ನಂಗೆ.

ಆಲ್ಪ್ಸ್ ಕಡೆ ಹೋಗಿ ನೋಡಿ. ಬೇಸಿಗೆಯೆಲ್ಲ ಮೇಲಿನ ಹುಲ್ಲುಗಾವಲಲ್ಲಿ ಮೇಯ್ದ ದನಗಳನ್ನ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಕೆಳಗಿನ ಊರಿಗೆ ಹೊಡ್ಕೊಂಡು ಬರ್ತಾರೆ, ಕೊರಳಿಗೆ ದೊಡ್ಡ ದೊಡ್ಡ ಗಂಟೆ, ತಲೆ ಮೇಲೆ ಹೂವಿನ ಕಿರೀಟ, ಆಸ್ಟ್ರಿಯಾ, ಬವೇರಿಯಾದಲ್ಲಿ ಇದಕ್ಕೆ ಆಲ್ಮ್‌ಆಬ್‌ಟ್ರೀಬ್ ಅಂತಾರೆ. ಬವೇರಿಯಾದ ಕ್ಯೋನಿಗ್ಸ್‌ಝೇ ಅನ್ನೋ ಸರೋವರದ ಹತ್ರ ಇನ್ನೂ ಮಜಾ, ಎರಡೂ ಕಡೆ ಕಡಿದಾದ ಬಂಡೆ, ದಡದಲ್ಲಿ ನಡ್ಕೊಂಡು ಬರೋಕೆ ದಾರಿ ಇಲ್ಲ, ಹಾಗಾಗಿ ಹಸುಗಳು ದೋಣೀಲಿ ಬರ್ತವೆ. ಚಪ್ಪಟೆ ತಳದ ದೋಣಿ, ಅದರಲ್ಲಿ ಪಕ್ಕ ಪಕ್ಕ ನಿಂತ್ಕೊಂಡು ನೀರು ನೋಡ್ತಾ ಬರೋ ಹಸುಗಳ ಮುಖದಲ್ಲಿ ಒಂಚೂರೂ ಆಶ್ಚರ್ಯ ಇರಲ್ಲ, ವರ್ಷಾ ವರ್ಷಾ ಟಿಕೆಟ್ ತಗೊಂಡು ಓಡಾಡೋರ ಥರ! ಸಿಂಗಾರ ಮಾಡೋದು ದೋಣಿ ಈ ದಡ ಮುಟ್ಟಿದ ಮೇಲೇನೇ. ಸ್ಪ್ರೂಸ್ ಮರದ ತುದಿ ಕಡಿದು, ಅದಕ್ಕೆ ಬಣ್ಣ ಹಾಕಿದ ತೆಳ್ಳನೆ ಮರದ ಸುರುಳಿಯಿಂದ ಹೂ ಮಾಡಿ ಕಟ್ಟಿ, ಎತ್ತರದ ಕಿರೀಟ ತಯಾರಿಸ್ತಾರೆ, ಹೆಸರು ಫುಯ್ಕ್ಲ್. ಆ ಬೇಸಿಗೇಲಿ ಬೆಟ್ಟದ ಮೇಲೆ ದನ ಏನಾದ್ರೂ ಸತ್ತಿದ್ರೆ ಕಿರೀಟ ಇಲ್ಲ, ಸುಮ್ಮನೆ ಊರು ಸೇರ್ತವೆ. ಸಂಪ್ರದಾಯ ಅದು. ಅಂದ್ರೆ ಬೀದಿ ಪಕ್ಕ ನಿಂತೋರಿಗೆ ಹಸುವಿನ ತಲೆ ನೋಡಿದ್ರೆ ಸಾಕು, ಆ ಮನೆಯ ವರ್ಷ ಹೇಗಿತ್ತು ಅಂತ ಗೊತ್ತಾಗಿಬಿಡುತ್ತೆ.

ಸಾವಿನ ಮಾತು ಬಂತಲ್ಲ, ಕೊಲರಾಡೋದ ಮ್ಯಾನಿಟೂ ಸ್ಪ್ರಿಂಗ್ಸ್ ಊರಿನ ಕಥೆ ಹೇಳ್ಲೇಬೇಕು. ಎಮ್ಮಾ ಕ್ರಾಫರ್ಡ್ ಅನ್ನೋ ಹುಡುಗಿ ಕ್ಷಯ ವಾಸಿ ಆಗ್ಲಿ ಅಂತ ಅಲ್ಲಿನ ಖನಿಜ ನೀರಿನ ಬುಗ್ಗೆಗಳ ಊರಿಗೆ ಬಂದಿದ್ಲು, 1891ರಲ್ಲಿ ತೀರ್ಕೊಂಡ್ಲು. ರೆಡ್ ಮೌಂಟನ್ ತುದೀಲೇ ನನ್ನ ಮಣ್ಣು ಮಾಡಿ ಅಂತ ಆಸೆ ಇತ್ತಂತೆ, ಮದುವೆ ಆಗ್ಬೇಕಿದ್ದ ಹುಡುಗನೂ ಊರಿನೋರೂ ಸರದಿ ಮೇಲೆ ಹೆಗಲು ಕೊಟ್ಟು ಹೊತ್ಕೊಂಡು ಹೋದ್ರು. 1929ರಲ್ಲಿ, ಮಳೆಗೆ ಮಣ್ಣು ಸಡಿಲಾಗಿ, ಪೆಟ್ಟಿಗೆ ಗುಡ್ಡದಿಂದ ಜಾರಿ ಕೆಳಗೆ ಬಂತು, ಸಿಕ್ಕಿದ್ದು ಹಿಡಿಕೆ, ಹೆಸರಿನ ಫಲಕ, ಒಂದಷ್ಟು ಮೂಳೆ. ಈ ಜಾರಿಕೆಯನ್ನೇ ಊರಿನೋರು 1995ರಲ್ಲಿ ಹಬ್ಬ ಮಾಡ್ಕೊಂಡ್ರು ನೋಡಿ, ಅಕ್ಟೋಬರ್ ಕೊನೆಗೆ, ಗಾಲಿ ಹಾಕಿದ ಶವಪೆಟ್ಟಿಗೆ, ಒಳಗೆ ಎಮ್ಮಾ ವೇಷದ ಒಬ್ರು, ತಳ್ಳೋಕೆ ನಾಲ್ಕು ಜನ, ಊರ ಮುಖ್ಯ ಬೀದೀಲಿ ಓಟ. ಮೊದಲ ಸಲ ಓದ್ದಾಗ ನಂಗೆ ಸ್ವಲ್ಪ ಅತಿ ಆಯ್ತು ಅನ್ನಿಸ್ತು, ಈಗಲೂ ಪೂರ್ತಿ ಹೋಗಿಲ್ಲ ಆ ಅನಿಸಿಕೆ. ಆದ್ರೆ ಆ ಹುಡುಗಿ ಹೆಸರು ಇವತ್ತು ನಿಮ್ಮ ಕಿವಿಗೆ ಬಿದ್ದಿದ್ದೂ ಆ ಗಾಲಿಯಿಂದಲೇ ಅಲ್ವಾ.

ಅದೇ ರಾಜ್ಯದಲ್ಲಿ ಕ್ರೆಸ್ಟೆಡ್ ಬ್ಯೂಟ್ ಅಂತ ಇನ್ನೊಂದು ಹಳೇ ಗಣಿ ಊರು. ಅಲ್ಲಿ ಸೆಪ್ಟೆಂಬರಿನಲ್ಲಿ, ಹಗಲು ರಾತ್ರಿ ಸಮ ಆಗೋ ಹೊತ್ತಿಗೆ, ಎಲ್ರೂ ತಮ್ಮ ತಮ್ಮ ಗೊಣಗಾಟ ಚೀಟೀಲಿ ಬರೆದು ಡಬ್ಬಕ್ಕೆ ಹಾಕ್ತಾರೆ, ಗ್ರಂಪ್ ಅನ್ನೋ ದೊಡ್ಡ ಬೊಂಬೆ ಮೇಲೆ ವಿಚಾರಣೆ ನಡೆಸ್ತಾರೆ, ಆಮೇಲೆ ಚೀಟಿ ಸಮೇತ ಸುಟ್ಟು ಹಾಕ್ತಾರೆ. ನಂಗೇನಾದ್ರೂ ಅಲ್ಲಿ ಚೀಟಿ ಕೊಟ್ರೆ ಒಂದು ಸಾಲಲ್ಲ ರೀ, ನೋಟ್‌ಬುಕ್ಕೇ ಬೇಕಾಗುತ್ತೆ.

ನಮ್ಮ ಹುಳದ ಕಥೆ ಮುಗಿಸಿಬಿಡ್ತೀನಿ. ಕಾಡಲ್ಲಿ ಉಳಿದಿರೋ ಅದರ ಬಳಗದೋವು ಉದುರಿದ ಎಲೆ ಕೆಳಗೆ ನುಗ್ಗಿ ಸುರುಳಿ ಸುತ್ಕೊಂಡು ಮಲಗ್ತವೆ. ಚಳಿ ಏರಿದ ಹಾಗೆ ಮೈ ಗಟ್ಟಿಯಾಗಿ ಹೆಪ್ಪುಗಟ್ಟುತ್ತೆ, ಆದ್ರೆ ಸಾಯಲ್ಲ, ಒಳಗೆ ಗ್ಲಿಸರಾಲ್ ಅನ್ನೋ ವಸ್ತು ಮಾಡ್ಕೊಂಡು ಜೀವಕೋಶ ಕಾಪಾಡ್ಕೊಳುತ್ತೆ. ವಸಂತದಲ್ಲಿ ಮಂಜು ಕರಗಿದಾಗ ಅದೂ ಕರಗಿ, ಮೈ ಮುರಿದು ಎದ್ದು, ಅಲ್ಲೇ ಇರೋ ಸೊಪ್ಪು ತಿನ್ನೋಕೆ ಶುರು ಮಾಡುತ್ತೆ. ಅಷ್ಟೊತ್ತಿಗೆ ಊರಲ್ಲಿ 13 ವಾರದಲ್ಲಿ ಹುಳ ಹೇಳಿದ್ದು ಎಷ್ಟು ಸರಿ ಹೋಯ್ತು ಅಂತ ಕಾಫಿ ಕುಡೀತಾ ವಾದ ನಡೀತಿರುತ್ತೆ.